ನಲವತ್ತು ಅಡಿ ಯಾವ ಕಡೆಗೆ?

ನಿವೇಶನದ ನೋಂದಣಿಯ ದಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಾವು ಕಳೆದದ್ದು ಮುಕ್ಕಾಲು ಗಂಟೆ. ಅದಕ್ಕೂ ಮೊದಲು ಅಲೆದದ್ದು ನಾಲ್ಕು ತಿಂಗಳು. 2024ರ ಆರಂಭದಲ್ಲಿ ತುಮಕೂರಿನ ಹೊರವಲಯದ ಹಳ್ಳಿಯೊಂದರಲ್ಲಿ, ಗ್ರಾಮಠಾಣದೊಳಗಿನ (ಊರಿನ ವಸತಿ ಜಾಗದೊಳಗಿನ) ಮೂವತ್ತು ನಲವತ್ತರ ನಿವೇಶನಕ್ಕೆ ಹದಿನೆಂಟು ಲಕ್ಷ ಎಂದು ಮಾತಾಯಿತು. ಎರಡು ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳ ವಾಯಿದೆ ಹಾಕಿ ಕರಾರು ಬರೆಸಿದೆವು.

ಮಾರುವವರ ಕೈಯಲ್ಲಿ ಅವರ ತಂದೆ 1979ರಲ್ಲಿ ಕೊಂಡ ಕ್ರಯಪತ್ರ, ಪಂಚಾಯಿತಿ ಆಸ್ತಿ ದಾಖಲೆಗಳ ತಂತ್ರಾಂಶವಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕಂದಾಯ ಕಟ್ಟಿದ ರಸೀದಿಗಳಿದ್ದವು. ಋಣಭಾರ ಪತ್ರದಲ್ಲಿ (ಇ.ಸಿ.) ಆಮೇಲಿನ ಒಂದೂ ವ್ಯವಹಾರ ಇರಲಿಲ್ಲ. ‘ಇ.ಸಿ. ಕ್ಲೀನ್ ಇದೆ ಸಾರ್, ಇನ್ನೇನು ಬೇಕು?’ ಎಂದರು ಮಧ್ಯವರ್ತಿ. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ತಂದೆ ತೀರಿಕೊಂಡ ಮೇಲೆ ಈ ಮಗ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡದ್ದು (ಪೌತಿ ಖಾತೆ) ಅದರಲ್ಲಿ ಹೇಗೆ ಕಂಡೀತು? ವಂಶವೃಕ್ಷ ಕೇಳಿದೆ. ಸ್ವಲ್ಪ ಸಿಡುಕಿದರೂ ತಂದುಕೊಟ್ಟರು. ಅದರಲ್ಲಿ ಇಬ್ಬರು ಅಕ್ಕಂದಿರಿದ್ದರು.

‘ಅವರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಸಾರ್.’

ಇರಬಹುದು. ಆದರೆ ತಂದೆ ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಖಾತೆಯಲ್ಲಿ ಯಾರ ಹೆಸರಿದೆ ಎಂಬುದರಿಂದ ಆ ಪಾಲು ಅಳಿಯುವುದಿಲ್ಲ. ಅಕ್ಕಂದಿರನ್ನು ಒಪ್ಪಿಗೆ ಸಾಕ್ಷಿಗಳಾಗಿ, ಅಂದರೆ ಮಾರಾಟಕ್ಕೆ ಒಪ್ಪಿದ್ದೇವೆ ಎಂದಷ್ಟೇ ಸಹಿ ಮಾಡುವವರಾಗಿ, ಹಾಕೋಣ ಎಂದರು ಪತ್ರ ಬರಹಗಾರರು. ನಾನು ಒಪ್ಪಲಿಲ್ಲ. ಅವರೂ ಮಾರುವವರಾಗಿಯೇ ಸಹಿ ಮಾಡಲಿ, ಹಣದಲ್ಲಿ ಅವರವರ ಪಾಲು ಅವರವರ ಹೆಸರಿನ ಡಿ.ಡಿ.ಯಲ್ಲೇ ಹೋಗಲಿ ಎಂದೆ. ತಮ್ಮನ ಮುಖ ಸಣ್ಣದಾಯಿತು. ಹದಿನೈದು ದಿನ ಫೋನ್ ಎತ್ತಲಿಲ್ಲ. ಆಮೇಲೆ ಅವರೇ ಫೋನ್ ಮಾಡಿ ಒಪ್ಪಿಕೊಂಡರು.

ಕರಡು ಕ್ರಯಪತ್ರ ಕೈಗೆ ಬಂದ ಮರುದಿನ ಬೆಳಿಗ್ಗೆ ಟೇಪು ಹಿಡಿದು ಸೈಟಿಗೆ ಹೋದೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನು, ಮನೆಯಲ್ಲಿ ಕುಳಿತು ಓದಿದರೆ ಏನೂ ತಿಳಿಯುವುದಿಲ್ಲ. ಜಾಗದ ನಡುವೆ ನಿಂತು, ಸೂರ್ಯನಿಗೆ ಮುಖ ಮಾಡಿ ಓದಬೇಕು. ಪೂರ್ವಕ್ಕೆ ರಸ್ತೆ, ಸರಿ. ಉತ್ತರಕ್ಕೆ ಒಂದು ಮನೆ, ಅದೂ ಸರಿ. ಅಳತೆ ಮಾತ್ರ ‘ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ’ ಎಂದಿತ್ತು. ಟೇಪು ಹಿಡಿದರೆ ರಸ್ತೆಯ ಬದಿ ಮೂವತ್ತೇ ಅಡಿ, ಒಳಕ್ಕೆ ನಲವತ್ತು. ಕರಡಿನಂತೆ ಹೋದರೆ ನನ್ನ ಸೈಟು ಉತ್ತರದ ಮನೆಯ ಅಡುಗೆಕೋಣೆಗೆ ಹತ್ತು ಅಡಿ ನುಗ್ಗುತ್ತಿತ್ತು, ಹಿತ್ತಲಲ್ಲಿ ಹತ್ತು ಅಡಿ ಯಾರಿಗೂ ಸೇರದೆ ಉಳಿಯುತ್ತಿತ್ತು. 1979ರ ಪತ್ರದಲ್ಲಿ ಅಳತೆ ಸರಿಯಾಗಿಯೇ ಇತ್ತು. ಅದಲುಬದಲಾದದ್ದು ನಮೂನೆ 9ರಲ್ಲಿ.

‘ಒಟ್ಟು ಸಾವಿರದ ಇನ್ನೂರು ಅಡಿ ಸರಿ ಇದೆಯಲ್ಲ, ಆಮೇಲೆ ತಿದ್ದುಪಡಿ ಪತ್ರ ಮಾಡಿಸಿದರಾಯಿತು’ ಎಂದರು ಬರಹಗಾರರು. ತಿದ್ದುಪಡಿಗೆ ಮೂವರು ಮಾರಾಟಗಾರರೂ ಮತ್ತೆ ಬಂದು ಸಹಿ ಹಾಕಬೇಕು. ಹಣ ಎಣಿಸಿಕೊಂಡವರು ಎರಡನೆಯ ಸಲ ಬರುತ್ತಾರೆಂಬ ನಂಬಿಕೆ ನನಗಿಲ್ಲ. ಸಾಲದ್ದಕ್ಕೆ, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಆಸ್ತಿಯ ವಿವರವನ್ನು ಇ-ಸ್ವತ್ತಿನಿಂದಲೇ ಎಳೆದುಕೊಳ್ಳುತ್ತದೆ. ಪತ್ರವನ್ನಷ್ಟೇ ತಿದ್ದಿದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಹಾಗಾಗಿ ಪಂಚಾಯಿತಿಗೆ ಅರ್ಜಿ, ಹಳೆಯ ಪತ್ರದ ನಕಲು, ಸ್ಥಳ ಪರಿಶೀಲನೆ. ಐದು ವಾರ ಹಿಡಿಯಿತು. ಕರಾರಿನ ವಾಯಿದೆಯನ್ನು ಬರಹದಲ್ಲಿಯೇ ಮುಂದಕ್ಕೆ ಹಾಕಿಸಿಕೊಂಡೆ.

ಲೆಕ್ಕ ಹೀಗಿತ್ತು: ಮುದ್ರಾಂಕ ಶುಲ್ಕ ಶೇ 5ರಂತೆ 90,000 ರೂಪಾಯಿ, ಅದರ ಮೇಲೆ ಸೆಸ್ ಶೇ 10ರಂತೆ 9,000, ಗ್ರಾಮೀಣ ಪ್ರದೇಶದ ಸರ್ಚಾರ್ಜ್ ಶೇ 3ರಂತೆ 2,700, ನೋಂದಣಿ ಶುಲ್ಕ ಶೇ 1ರಂತೆ 18,000. ಒಟ್ಟು 1,19,700. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ, ಇಂದಾದರೆ ಇನ್ನೂ ಹದಿನೆಂಟು ಸಾವಿರ ಸೇರಿಸಬೇಕು.) ಇಪ್ಪತ್ತು ಲಕ್ಷದೊಳಗೆ ಮುದ್ರಾಂಕ ಶುಲ್ಕ ಶೇ 2 ಸಾಕು ಎಂದು ಯಾರೋ ಹೇಳಿದ್ದರು. ಆ ರಿಯಾಯಿತಿ ಫ್ಲಾಟುಗಳ ಮೊದಲ ಮಾರಾಟಕ್ಕೆ, ಸೈಟಿಗಲ್ಲ. ಕರಡು ಅಪ್‌ಲೋಡ್ ಮಾಡಿ, ಕಚೇರಿಯವರು ಒಪ್ಪಿದ ಮೇಲೆ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಿ, ದಿನ ಮತ್ತು ಹೊತ್ತು ಗೊತ್ತುಮಾಡಿಕೊಂಡೆವು.

ಆ ದಿನ ದೊಡ್ಡಕ್ಕ ಹಿರಿಯೂರಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಫೋಟೊ ಆಯಿತು. ಹೆಬ್ಬೆಟ್ಟು ಮಾತ್ರ ಯಂತ್ರಕ್ಕೆ ಹತ್ತಲಿಲ್ಲ. ‘ಅಜ್ಜಿ, ಇನ್ನೊಂದು ಸಲ, ಸ್ವಲ್ಪ ಒತ್ತಿ ಹಿಡಿಯಿರಿ’ ಎಂದ ಕಂಪ್ಯೂಟರಿನ ಹುಡುಗ ಗಾಜನ್ನು ಒರೆಸಿದ, ಒದ್ದೆ ಬಟ್ಟೆ ಕೊಟ್ಟ. ಅವರು ಬೆರಳನ್ನು ಸೆರಗಿಗೆ ಉಜ್ಜಿಕೊಂಡು, ‘ಅಡಿಕೆ ಸುಲಿದು ಸುಲಿದು ಗೆರೆಯೆಲ್ಲ ಸವೆದುಹೋಗಿದೆ ಕಣಪ್ಪ’ ಎಂದರು. ಹಿಂದೆ ಕಾಯುತ್ತಿದ್ದವರು ಗೊಣಗತೊಡಗಿದರು. ಕೊನೆಗೆ ಉಂಗುರದ ಬೆರಳು ಹತ್ತಿತು. ಡಿ.ಡಿ.ಯನ್ನು ಅವರು ಎರಡು ಸಲ ಮಡಿಸಿ ಸೊಂಟದ ಚೀಲಕ್ಕೆ ಸೇರಿಸಿಕೊಂಡರು. ತಮ್ಮನೋ, ಗೋಡೆಯ ಮೇಲಿನ ಶುಲ್ಕದ ಪಟ್ಟಿ ಓದುತ್ತ ನಿಂತಿದ್ದ.

ಪತ್ರ ಕೈಗೆ ಬಂದ ವಾರವೇ ಖಾತೆ ಬದಲಾವಣೆಗೆ ಪಂಚಾಯಿತಿಗೆ ಹೋದೆ. ನೋಂದಣಿಯ ನಂತರ ಇದನ್ನು ಮರೆತು ಕುಳಿತವರು ನಮ್ಮ ನೆಂಟರಲ್ಲೇ ಇಬ್ಬರಿದ್ದಾರೆ. ಎರಡು ತಿಂಗಳಿಗೆ ನನ್ನ ಮತ್ತು ಹೆಂಡತಿಯ ಹೆಸರಿನ ಹೊಸ ನಮೂನೆ 9 ಬಂತು. ಮೊದಲು ನೋಡಿದ್ದು ಅಳತೆ: ಪೂರ್ವ-ಪಶ್ಚಿಮ 40. ಹೆಂಡತಿಯ ಹೆಸರಿನ ಇನಿಷಿಯಲ್ ಬಿಟ್ಟುಹೋಗಿತ್ತು. ಅದಕ್ಕೆ ಇನ್ನೊಂದು ಅರ್ಜಿ ಹಾಕಬೇಕಾಯಿತು.