ಮ್ಯೂನಿಕ್‌ನಲ್ಲಿ ತುಪ್ಪ ಕಾಯಿಸಲು ಕಲಿತದ್ದು

ಮೊದಲ ರಜೆ ಮುಗಿಸಿ ಹಾಸನದಿಂದ ಹೊರಟಾಗ ಅಮ್ಮ ಒಂದು ಕಿಲೋ ತುಪ್ಪವನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ನಡುಮಧ್ಯ ಇಟ್ಟಿದ್ದಳು. ಹಾಲು, ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥಗಳನ್ನು ಹೊರಗಿನಿಂದ ಬರುವ ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ ಎಂಬ ನಿಯಮ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಡಬ್ಬಿ ಹೋಯಿತು. ಅಧಿಕಾರಿ ಒರಟಾಗಿ ನಡೆದುಕೊಳ್ಳಲಿಲ್ಲ. ಪಂಚೆಯನ್ನು ಬಿಡಿಸಿ, ಮಡಿಸಿ ನನ್ನ ಕೈಗೆ ಕೊಟ್ಟರು. ಆ ಪಂಚೆಗೆ ಹತ್ತಿದ್ದ ತುಪ್ಪದ ವಾಸನೆ ಒಗೆದರೂ ಒಂದು ತಿಂಗಳು ಇತ್ತು.

ಇದು ಎಂಟು ವರ್ಷಗಳ ಹಿಂದಿನ ಮಾತು. ಅಂದಿನಿಂದ ಊರನ್ನು ಸೂಟ್‌ಕೇಸಿನಲ್ಲಿ ಹೊತ್ತು ತರುವ ಯೋಚನೆ ಬಿಟ್ಟೆ. ಇಲ್ಲಿನ ಹಾಲು, ಇಲ್ಲಿನ ನೀರು, ಇಲ್ಲಿನ ಬೆಣ್ಣೆ ಎಂಥವು ಎಂದು ಒಂದೊಂದಾಗಿ ತಿಳಿದುಕೊಂಡೆ. ಊರಿನ ರುಚಿ ನನಗೆ ಸಿಕ್ಕಿದ್ದು ಆ ದಾರಿಯಲ್ಲಿ.

ಮೊದಲು ಸೋತದ್ದು ಬೇಳೆಯ ಮುಂದೆ. ಊರಿನಲ್ಲಿ ಕುಕ್ಕರ್ ಮೂರು ಸಲ ಕೂಗಿದರೆ ಬೆಣ್ಣೆಯಂತೆ ಕರಗುತ್ತಿದ್ದ ತೊಗರಿಬೇಳೆ ಇಲ್ಲಿ ಏಳು ಸಲ ಕೂಗಿದರೂ ಕಾಳುಕಾಳಾಗಿ ನಿಲ್ಲುತ್ತಿತ್ತು. ಸಾರು ಮೇಲೆ ತಿಳಿ ನೀರು, ಕೆಳಗೆ ಬೇಳೆ ಎಂದು ಎರಡು ಪಾಲಾಗುತ್ತಿತ್ತು. ಬೇಳೆ ಹಳೆಯದಿರಬೇಕು ಎಂದುಕೊಂಡು ಎರಡು ಅಂಗಡಿ ಬದಲಾಯಿಸಿದೆ. ಫೋನಿನಲ್ಲಿ ಹೇಳಿಕೊಂಡಾಗ ಅಮ್ಮ ಬೇಳೆಯ ಬಗ್ಗೆ ಕೇಳಲೇ ಇಲ್ಲ, ನೀರಿನ ಬಗ್ಗೆ ಕೇಳಿದಳು. "ನೀರು ಕಾಯಿಸುವ ಪಾತ್ರೆಯಲ್ಲಿ ಬೆಳ್ಳಗೆ ಕಟ್ಟುತ್ತದೆಯೇನೋ?" ಕೆಟಲಿನ ತಳದಲ್ಲಿ ಸುಣ್ಣ ಬಳಿದ ಹಾಗೆ ಕಟ್ಟಿತ್ತು. "ಹಾಗಾದರೆ ನಮ್ಮ ಬೋರ್ ನೀರಿನ ಥರವೇ. ಅಜ್ಜಿ ಮಳೆ ನೀರು ಹಿಡಿದಿಟ್ಟು ಬೇಳೆ ಬೇಯಿಸುತ್ತಿದ್ದದ್ದು ಮರೆತೆಯಾ?"

ನಿಜವಾಗಿಯೂ ಮರೆತಿದ್ದೆ. ಮ್ಯೂನಿಕ್‌ಗೆ ಕುಡಿಯುವ ನೀರು ಹೆಚ್ಚಾಗಿ ಬರುವುದು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ. 1883ರಿಂದ ಹರಿದು ಬರುತ್ತಿರುವ ಈ ನೀರು ಬಹಳ ಸ್ವಚ್ಛ, ನಲ್ಲಿಯಿಂದಲೇ ಹಿಡಿದು ಕುಡಿಯಬಹುದು. ಆದರೆ ಸುಣ್ಣಕಲ್ಲಿನ ನೆಲದಲ್ಲಿ ಇಳಿದು ಬರುವುದರಿಂದ ಗಡಸು. ನೀರಿನ ಕ್ಯಾಲ್ಸಿಯಂ, ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಸೇರಿಕೊಂಡು ಅದನ್ನು ಬಿಗಿ ಮಾಡುತ್ತದೆ, ಹಾಗಾಗಿ ಎಷ್ಟು ಬೇಯಿಸಿದರೂ ಕಾಳು ಒಡೆಯುವುದಿಲ್ಲ. ಮ್ಯೂನಿಕ್‌ನಲ್ಲಿ ಮಳೆ ನೀರು ಹಿಡಿಯಲು ನನಗೆ ಅಂಗಳವಿಲ್ಲ. ರಾತ್ರಿಯೇ ಎರಡು ಲೀಟರ್ ನೀರು ಕುದಿಸಿ ಇಡುತ್ತೇನೆ. ಬೆಳಗಾಗುವಷ್ಟರಲ್ಲಿ ಸುಣ್ಣದ ಬಹುಪಾಲು ತಳಕ್ಕೆ ಇಳಿದಿರುತ್ತದೆ, ಮೇಲಿನ ನೀರನ್ನು ಅಲುಗಿಸದೆ ಬಗ್ಗಿಸಿಕೊಂಡು ಅದರಲ್ಲಿ ಬೇಳೆ ನೆನೆಸಿ ಬೇಯಿಸುತ್ತೇನೆ. ತೀರಾ ಅವಸರವಿದ್ದ ದಿನ ನೆನೆಯುವ ನೀರಿಗೆ ಚಿಟಿಕೆ ಅಡುಗೆ ಸೋಡಾ. ಹುಣಸೆ ರಸವನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕುತ್ತೇನೆ, ಹುಳಿ ಮುಂಚೆ ಬಿದ್ದರೆ ಬೇಳೆ ಮತ್ತೆ ಹಟ ಹಿಡಿಯುತ್ತದೆ.

ನೀರು ಸರಿಯಾದ ಮೇಲೆ ಕಾಫಿಯೂ ಅರ್ಧ ಸರಿಯಾಯಿತು. ಫಿಲ್ಟರ್ ಊರಿನಿಂದ ತಂದದ್ದು, ಪುಡಿ ಮಾತ್ರ ಎರಡು ತಿಂಗಳಿಗೆ ಖಾಲಿ. ಇಲ್ಲಿನ ಅಂಗಡಿಯಲ್ಲಿ ಬೀಜ ಕೊಂಡು ಪುಡಿ ಮಾಡಿಸಿದರೆ ಡಿಕಾಕ್ಷನ್ ತೆಳ್ಳಗೆ, ಹುಳಿಹುಳಿಯಾಗಿ ಇಳಿಯುತ್ತಿತ್ತು. ಇಲ್ಲದ್ದು ಚಿಕೋರಿ ಎಂದು ಹೊಳೆಯಲು ನನಗೆ ಒಂದು ಚಳಿಗಾಲವೇ ಹಿಡಿಯಿತು. ಆಮೇಲೆ ನೋಡಿದರೆ ಚಿಕೋರಿ ಜರ್ಮನಿಗೆ ನಮಗಿಂತ ಹಳೆಯ ನಂಟು. ಆಗ ಜರ್ಮನ್ ನಾಡಿನ ದೊಡ್ಡ ರಾಜ್ಯಗಳಲ್ಲೊಂದಾಗಿದ್ದ ಪ್ರಷ್ಯಾದ ದೊರೆ ಎರಡನೆಯ ಫ್ರೆಡ್ರಿಕ್ 1781ರಲ್ಲಿ ಜನ ಮನೆಯಲ್ಲಿ ಕಾಫಿ ಬೀಜ ಹುರಿಯುವುದನ್ನೇ ನಿಷೇಧಿಸಿ, ಬೀದಿಯಲ್ಲಿ ಹುರಿದ ವಾಸನೆ ಹಿಡಿದು ಪತ್ತೆ ಮಾಡಲು ನಿವೃತ್ತ ಸೈನಿಕರನ್ನು ನೇಮಿಸಿದ್ದ. ಕಾಫಿ ಕೈಗೆಟುಕದ ಜನ ಚಿಕೋರಿ ಬೇರನ್ನು ಹುರಿದು ಪುಡಿ ಮಾಡಿ ಕುಡಿದರು. ಮ್ಯೂನಿಕ್ ಇರುವ ಬವೇರಿಯಾ ಆ ದೊರೆಯ ಆಳ್ವಿಕೆಗೆ ಸೇರಿರಲಿಲ್ಲ ನಿಜ, ಆದರೆ ಆ ಪುಡಿ ಇಂದಿಗೂ ಇಲ್ಲಿನ ಸಾವಯವ ಅಂಗಡಿಗಳಲ್ಲಿ ಸಿಗುತ್ತದೆ. ನಾವು ಕಾಫಿಗೆ ಬೆರೆಸಿ ಕುಡಿಯುವುದನ್ನು ಇವರು ಕಾಫಿಯ ಬದಲಿಗೆ ಕುಡಿದವರು.

ಎಂಟು ಪಾಲು ಕಾಫಿ, ಎರಡು ಪಾಲು ಚಿಕೋರಿ ನನ್ನ ಲೆಕ್ಕ. ಎಸ್ಪ್ರೆಸೊ ಯಂತ್ರಕ್ಕೆ ಬೀಸಿದ ನುಣ್ಣನೆಯ ಪುಡಿ ಫಿಲ್ಟರಿನ ತೂತುಗಳನ್ನು ಕಟ್ಟಿಬಿಡುತ್ತದೆ, ಅದಕ್ಕಿಂತ ಒಂದು ಮಟ್ಟ ತರಿಯಾಗಿ ಬೀಸಿಸಬೇಕು. ಹಾಲಿನ ವಿಷಯದಲ್ಲಿ ರಾಜಿಯಿಲ್ಲ. ತಿಂಗಳುಗಟ್ಟಲೆ ಕೆಡದ ಡಬ್ಬದ ಹಾಲು ಕಾಫಿಯನ್ನು ಹಾಳು ಮಾಡುತ್ತದೆ. ಹೊಮೊಜನೈಸ್ ಮಾಡದ, ಅಂದರೆ ಕೆನೆ ಬೇರೆಯಾಗದಂತೆ ಯಂತ್ರದಲ್ಲಿ ಬೆರೆಸದ ಹಾಲನ್ನು ಹುಡುಕಿ ತರುತ್ತೇನೆ. ಗಾಜಿನ ಬಾಟಲಿಯ ಕುತ್ತಿಗೆಯಲ್ಲಿ ಹಳದಿ ಕೆನೆ ನಿಂತಿರುತ್ತದೆ, ಕಾಯಿಸಿ ಆರಿಸಿದರೆ ಚಮಚದಲ್ಲಿ ಎತ್ತುವಷ್ಟು ದಪ್ಪ ಕೆನೆ ಕಟ್ಟುತ್ತದೆ.

ದೋಸೆ ಹಿಟ್ಟಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ: ಓವನ್ನಿನ ದೀಪ ಮಾತ್ರ ಹೊತ್ತಿಸಿ, ರಾತ್ರಿ ಎಂಟಕ್ಕೆ ಪಾತ್ರೆ ಒಳಗಿಟ್ಟರೆ ಬೆಳಗ್ಗೆ ಹತ್ತಕ್ಕೆ ಉಬ್ಬಿರುತ್ತದೆ. ಬಾಗಿಲಿಗೆ ಚೀಟಿ ಅಂಟಿಸಿ, ಮನೆಯವರು ಯಾರೂ ಓವನ್ ಬಿಸಿಗೆ ಹಾಕದಿರಲಿ.

ಇನ್ನು ತುಪ್ಪ. ಇದಕ್ಕೆ ಮೂರು ವರ್ಷ ಹಿಡಿಯಿತು.

ಅಂಗಡಿಯ ಬೆಣ್ಣೆ ತಂದು ಕಾಯಿಸಿದರೆ ತುಪ್ಪವೇನೋ ಆಗುತ್ತಿತ್ತು. ಬಣ್ಣವೂ ಸರಿ, ಆದರೆ ಅಮ್ಮನ ತುಪ್ಪದ ಘಮ ಇಲ್ಲ. ತಪ್ಪು ಕಾಯಿಸುವುದರಲ್ಲಿದೆ ಎಂದು ಉರಿ ಹೆಚ್ಚು ಕಡಿಮೆ ಮಾಡಿ ನೋಡಿದೆ. ಒಂದು ದಿನ ಎರಡು ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ಹೊದಿಕೆಯ ಮೇಲಿನ ಸಣ್ಣಕ್ಷರ ಓದಿದಾಗ ಗೊತ್ತಾಯಿತು, ಇಲ್ಲಿ ಕಾನೂನಿನ ಪ್ರಕಾರವೇ ಬೆಣ್ಣೆಯಲ್ಲಿ ಮೂರು ಜಾತಿ. ಸಿಹಿ ಕೆನೆಯಿಂದ ತೆಗೆದದ್ದು ಜ್ಯೂಸ್‌ರಾಮ್‌ಬುಟ್ಟರ್. ಸಿಹಿ ಕೆನೆಯಿಂದ ತೆಗೆದು ಆಮೇಲೆ ಹುಳಿಯನ್ನು ಸೇರಿಸಿದ್ದು ಇನ್ನೊಂದು. ಕೆನೆಗೆ ಹೆಪ್ಪು ಹಾಕಿ, ಅದು ಹುಳಿತ ಮೇಲೆ ಕಡೆದು ತೆಗೆದದ್ದು ಜಾವರ್‌ರಾಮ್‌ಬುಟ್ಟರ್. ಅಮ್ಮ ಮಾಡುತ್ತಿದ್ದದ್ದು ಈ ಮೂರನೆಯದನ್ನೇ. ದಿನದಿನದ ಕೆನೆಯನ್ನು ಹೆಪ್ಪು ಹಾಕಿದ ಗಡಿಗೆಗೆ ಸೇರಿಸುತ್ತಾ ಹೋಗಿ, ವಾರಕ್ಕೊಮ್ಮೆ ಕಡೆಯುತ್ತಿದ್ದಳು. ಘಮ ಬರುವುದು ಆ ಹುಳಿಯಿಂದ. ಇಷ್ಟು ಹತ್ತಿರದ ವಸ್ತು ಪಕ್ಕದ ಅಂಗಡಿಯ ಅದೇ ಕಪಾಟಿನಲ್ಲಿ ಮೂರು ವರ್ಷ ಕೂತಿತ್ತು.

ಈಗ ತಿಂಗಳಿಗೊಂದು ಶನಿವಾರ 250 ಗ್ರಾಂನ ನಾಲ್ಕು ಪೊಟ್ಟಣ ತರುತ್ತೇನೆ, ಉಪ್ಪು ಹಾಕದ್ದು. ಇಲ್ಲಿನ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ 82 ಶೇಕಡಾ ಇರಲೇಬೇಕಾದ್ದರಿಂದ ಒಂದು ಕಿಲೋಗೆ ಹತ್ತಿರ ಹತ್ತಿರ 800 ಗ್ರಾಂ ತುಪ್ಪ ಸಿಗುತ್ತದೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಬೆಣ್ಣೆ ಕರಗಿ ಬಿಳಿ ನೊರೆ ಏಳುತ್ತದೆ, ನೀರು ಆರುವಾಗ ಚಟಪಟ ಸದ್ದು ಜೋರಾಗುತ್ತದೆ. ಈ ಹೊತ್ತಿನಲ್ಲಿ ಒಲೆಯ ಮುಂದಿನಿಂದ ಕದಲಬಾರದು. ನೊರೆ ಕೂತು, ಎಣ್ಣೆ ತಿಳಿಯಾಗಿ, ತಳದಲ್ಲಿ ಹರಳುಹರಳಾಗಿ ಕಂದು ಬಣ್ಣ ಕಾಣಿಸುತ್ತದೆ. ಸದ್ದು ಸಣ್ಣಗಾಗುತ್ತಾ ಬಂದು ನಿಂತೇಹೋಗುತ್ತದೆ. ನಿಂತ ಕೂಡಲೇ ಇಳಿಸಬೇಕು, ಅರ್ಧ ನಿಮಿಷ ತಡವಾದರೂ ಸೀದ ವಾಸನೆ. ಗಾಜಿನ ವಿದ್ಯುತ್ ಒಲೆ ಆರಿಸಿದ ಮೇಲೂ ಕಾವು ಬಿಡುವುದಿಲ್ಲ, ಆದ್ದರಿಂದ ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಡುತ್ತೇನೆ. ಅಮ್ಮ ಹಾಕುತ್ತಿದ್ದ ವೀಳ್ಯದೆಲೆ ನನಗೆ ಯಾವಾಗಲೂ ಸಿಗುವುದಿಲ್ಲ, ನಾಲ್ಕು ಕಾಳು ಮೆಂತ್ಯ ಹಾಕುತ್ತೇನೆ. ಸೋಸಿದ ಜಾಡಿಯನ್ನು ಚಳಿಗಾಲದಲ್ಲಿ ಕಿಟಕಿಯ ಪಕ್ಕ ಇಟ್ಟರೆ ತುಪ್ಪ ಮೇಣದಂತೆ ನುಣ್ಣಗೆ ಗಟ್ಟಿಯಾಗಿಬಿಡುತ್ತದೆ. ಟವೆಲ್ ಸುತ್ತಿ ಓವನ್ನಿನ ಒಳಗೆ ನಿಧಾನವಾಗಿ ಆರಲು ಬಿಟ್ಟರೆ ಮರಳು ಮರಳಾಗಿ ಹರಳುಗಟ್ಟುತ್ತದೆ.

ಮೊದಲ ಸಲ ಹುಳಿ ಬೆಣ್ಣೆ ಕಾಯಿಸಿದ ದಿನ ಫೋನನ್ನು ಒಲೆಯ ಪಕ್ಕದ ಡಬ್ಬಿಗೆ ಒರಗಿಸಿ ಇಟ್ಟಿದ್ದೆ. ಅಲ್ಲಿ ಮಧ್ಯಾಹ್ನ ಮೂರೂವರೆ, ಇಲ್ಲಿ ಬೆಳಗ್ಗೆ ಹನ್ನೊಂದು. ಪಾತ್ರೆಯ ಒಳಗು ಅಮ್ಮನಿಗೆ ಕಾಣುತ್ತಿರಲಿಲ್ಲ. ಸದ್ದು ಕೇಳುತ್ತಾ ಕೂತಿದ್ದಳು, ನಡುವೆ ಪಕ್ಕದ ಮನೆಯವರ ಮದುವೆಯ ಸುದ್ದಿ ಹೇಳುತ್ತಿದ್ದವಳು ಮಾತು ಅರ್ಧಕ್ಕೇ ನಿಲ್ಲಿಸಿ "ಇಳಿಸು, ಇಳಿಸು" ಎಂದಳು. ನನ್ನ ಕಿವಿಗೆ ಸದ್ದು ಆಗಷ್ಟೇ ನಿಲ್ಲುತ್ತಿತ್ತು.

ಸೋಸಿ ಮುಗಿಸಿದ ಮೇಲೆ ಬಣ್ಣ ತೋರಿಸಲು ಜಾಡಿಯನ್ನು ಬೆಳಕಿಗೆ ಹಿಡಿದೆ. ಅವಳು ಅದನ್ನು ನೋಡಿ ತಲೆಯಾಡಿಸಿ, "ಗಸಿ ಏನು ಮಾಡಿದೆ? ಚೆಲ್ಲಿಬಿಟ್ಟೆಯಾ?" ಎಂದು ಕೇಳಿದಳು. ಚೆಲ್ಲಿರಲಿಲ್ಲ. ತಳದ ಗಸಿಗೆ ಎರಡು ಸೌಟು ಬಿಸಿ ಅನ್ನ, ಚಿಟಿಕೆ ಉಪ್ಪು ಹಾಕಿ ಅದೇ ಪಾತ್ರೆಯಲ್ಲಿ ಕಲಸಿ ಇಟ್ಟಿದ್ದೆ. ಪಾತ್ರೆಯನ್ನು ಬಗ್ಗಿಸಿ ಫೋನಿಗೆ ತೋರಿಸಿದೆ.