ಶಿರಸಿಯಲ್ಲಿ ಕೂತು, ಹುಬ್ಬಳ್ಳಿಯ ಗೈಡ್ ಕೈಕೆಳಗೆ ಬರೆದ ಪೇಪರ್

ಪಿಎಚ್‌ಡಿಗೆ ಕೋರ್ಸ್‌ವರ್ಕ್, ಅಂದರೆ ಥೀಸಿಸ್ ಜೊತೆಗೆ ಮುಗಿಸಬೇಕಾದ ಪಾಠ-ಪೇಪರುಗಳು, ಇದ್ದೇ ಇರುತ್ತದೆ. ಯುಜಿಸಿಯ 2022ರ ನಿಯಮದಲ್ಲಿ ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ, ಪ್ರಕಟಣೆಯ ನೀತಿ ಇವಕ್ಕೆಲ್ಲ ಕ್ಲಾಸು ಇತ್ತು, ಮುಗಿಯಿತು. ಉಳಿದದ್ದು ನಮ್ಮದೇ ವಿಷಯದ ಮೇಲೆ ಗೈಡ್ ಹೇಳಿದಂತೆ ಓದಿ ಬರೆಯುವ ಪೇಪರ್. ಅದಕ್ಕೆ ಸಿಲೆಬಸ್ಸೇ ಇಲ್ಲ.

ನನ್ನ ವಿಷಯ ನಮ್ಮ ಕಡೆಯ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದುಕೊಳ್ಳಲು ಬಿಟ್ಟ ಕಾಡು. ಮೊದಲ ದಿನವೇ ಮೇಡಂ ಜೊತೆ ಕೂತು ಒಂದೇ ಪ್ರಶ್ನೆಗೆ ಇಳಿಸಿಕೊಂಡೆ: ಅಡಿಕೆ ತೋಟದವರಿಗೆ ಬೆಟ್ಟದ ಮೇಲಿರುವುದು ಹಕ್ಕಾ, ಬರೀ ಸವಲತ್ತಾ? ಏನು ಓದಬೇಕು, ಏನು ಬರೆದು ಕೊಡಬೇಕು, ಯಾವಾಗ ಭೇಟಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಆಮೇಲೆ ವಿಷಯ ಅತ್ತಿತ್ತ ಹರಿದಾಗಲೆಲ್ಲ ಆ ಹಾಳೆಯೇ ನನ್ನನ್ನು ಎಳೆದು ತಂದಿತು.

ವ್ಯಾಖ್ಯಾನದ ಪುಸ್ತಕ ಬದಿಗಿಟ್ಟು ಕಾಯ್ದೆಗಳನ್ನೇ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳ (ಮರಗಿಡ ಬೆಳೆದ ಜಾಗ) ಸವಲತ್ತನ್ನು ಮುಂದುವರಿಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿಯೇ ಬೇರೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತಲ್ಲ, ಹಾಗಾಗಿ ಹಳೇ ನಿಯಮಗಳ ಬೇರು ಹುಡುಕಿದರೆ ಅಲ್ಲಿಗೇ ಹೋಗುತ್ತದೆ.

ಪ್ರತಿ ಭೇಟಿಗೆ ಮೊದಲು ಎರಡು ಪುಟದ ಟಿಪ್ಪಣಿ ಕಳಿಸುತ್ತಿದ್ದೆ: ಓದಿದ್ದೇನು, ತಿಳಿದದ್ದೇನು, ಸಿಕ್ಕಿಹಾಕಿಕೊಂಡದ್ದೆಲ್ಲಿ. ಮಾತೆಲ್ಲ ಮೂರನೆಯದರ ಮೇಲೇ. ನನ್ನ ಕೇಳಿದರೆ ಈ ಟಿಪ್ಪಣಿಯಿಂದಲೇ ಪೇಪರ್ ಮುಗಿಯಿತು. ಸುಮ್ನೆ "ಓದ್ತಾ ಇದ್ದೀನಿ ಮೇಡಂ" ಅಂದರೆ ಗೈಡ್ ಆದರೂ ಏನು ಹೇಳಿಯಾರು? "75 ವರ್ಷದ ಕಾಗದ ಯಾರ ಮನೆಯಲ್ಲಿ ಸಿಗುತ್ತದೆ?" ಅಂತ ಒಮ್ಮೆ ಬರೆದಿದ್ದೆ. ಅಂಚಿನಲ್ಲಿ ಅವರು "ನಿಯಮ 13" ಅಂತಷ್ಟೇ ಗೀಚಿ ಕಳಿಸಿದರು. ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಬಂದ 2008ರ ನಿಯಮ ತೆಗೆದು ನೋಡಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ!

ಅಲ್ಲಿಂದ ಊರಿನ ಹಿರಿಯರನ್ನು ಮಾತಾಡಿಸಲು ಶುರು ಮಾಡಿದೆ. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲೇ ಹೇಳಿ, ಒಪ್ಪಿಗೆ ಪಡೆದು. ಒಬ್ಬ ಹೆಗಡೇರು ಕವಳ ಹಾಕುತ್ತಾ, "ಸೊಪ್ಪು ಕಡಿಯಲೆ ಅಡ್ಡಿಲ್ಲೆ ತಮಾ, ಮರಕ್ಕೆ ಕೊಡ್ಲಿ ಹಾಕಿದ್ರೆ ಗಾರ್ಡು ಬತ್ತ" ಅಂದರು. 79ನೇ ಕಲಂ ಮೇಲೆ ನಾನು ಬರೆದಿದ್ದ ಉದ್ದುದ್ದ ಪ್ಯಾರಾಗಳನ್ನು ಹೊಡೆದುಹಾಕಿ ಇದನ್ನೇ ಮೊದಲಿಗೆ ಇಟ್ಟೆ.

ಇನ್ನೊಂದು ವಿಷಯ. ಈ ಪೇಪರನ್ನೇ ಥೀಸಿಸ್‌ನ ಅಧ್ಯಾಯ ಮಾಡಿಕೊಳ್ಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮೇಡಂ ಒಪ್ಪಿದರು, ಆದರೆ ಇದು ಕೋರ್ಸ್‌ವರ್ಕಿನಿಂದ ಬಂದದ್ದು ಅಂತ ಮುನ್ನುಡಿಯಲ್ಲಿ ಹೇಳಲೇಬೇಕು ಅಂದರು. ನಿಮ್ಮ ಗೈಡ್ ಹತ್ತಿರ ಇದನ್ನು ಶುರುವಿನಲ್ಲೇ ಕೇಳಿ, ಸಹಿ ಹಾಕುವ ಹಾಳೆಯಲ್ಲೇ ಬರೆಸಿಕೊಳ್ಳಿ.