ಗೊಬ್ಬರಗುಂಡಿ ಪಕ್ಕದ ಮಣ್ಣು

ಮೊದಲ ಸಲ ಮಣ್ಣು ಪರೀಕ್ಷೆಗೆ ಕೊಟ್ಟಾಗ ರಸಸಾರ (pH, ಅಂಕಿ ಇಳಿದಷ್ಟೂ ಮಣ್ಣು ಹುಳಿ) 6.4 ಬಂತು. ಅಡಿಕೆಗೆ ಇನ್ನೇನು ಬೇಕು ಅಂತ ನಿಶ್ಚಿಂತೆಯಾದೆ. ತೋಟ ಮಾತ್ರ ಬೇರೆಯದೇ ಹೇಳುತ್ತಿತ್ತು. ಕೆಳಗಿನ ಸೋಗೆ ಹಳದಿ, ಮರದ ಬುಡದಲ್ಲೆಲ್ಲ ಉದುರಿದ ಮಿಳ್ಳೆ, ಅಂದರೆ ಎಳೆ ಅಡಿಕೆಕಾಯಿ. ಯೂರಿಯಾ ಹೆಚ್ಚಿಸಿದೆ. ಸ್ವಲ್ಪ ದಿನ ಹಸಿರಾಗಿ ಮತ್ತೆ ಅದೇ ಕತೆ.

ತಪ್ಪು ನನ್ನದೇ. ಸೋಮಾರಿತನಕ್ಕೆ ಗೊಬ್ಬರಗುಂಡಿ ಪಕ್ಕದ ಮಣ್ಣನ್ನೇ ಕೆರೆದು ಕೊಟ್ಟಿದ್ದೆ. ಬಚ್ಚಲೊಲೆಯ ಬೂದಿ ವರ್ಷಗಟ್ಟಲೆ ಬಿದ್ದ ಜಾಗ ಅದು, ಹುಳಿ ಎಲ್ಲಿಂದ ಬರಬೇಕು! ಮುಂದಿನ ಸಲ ಹನ್ನೆರಡು ಕಡೆ ದರಗು (ಒಣಗಿದ ಎಲೆ) ಸರಿಸಿ, ಒಂದಡಿ ಆಳದವರೆಗಿನ ಮಣ್ಣು ತೆಗೆದು ಬೆರೆಸಿದೆ. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕೆಜಿಗೆ ಇಳಿಸಿ ನೆರಳಲ್ಲಿ ಒಣಗಿಸಿದೆ. ಬಂದದ್ದು 4.9. ಈ ಲೆಕ್ಕದಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ.

ನಮ್ಮದು ಮಲೆನಾಡಿನ ಜಂಬಿಟ್ಟಿಗೆ ಮಣ್ಣು. ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಬುಡ ಕೆದಕಿ ನೋಡಿದರೆ ಬೇರು ಮೊಂಡಾಗಿ, ಕಂದಾಗಿ ಕಂಡವು. ಮೇಲಿಂದ ನಾನು ಸುರಿದ ಯೂರಿಯಾ ನೈಟ್ರೇಟ್ ಆಗುವಾಗ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತಿತ್ತು.

ಹುಳಿ ತಗ್ಗಿಸಲು ಮಳೆಗಾಲಕ್ಕೆ ಮೊದಲು ಮರಕ್ಕೆ ಅರ್ಧ ಕೆಜಿ ಡೋಲೋಮೈಟ್ ಕಲ್ಲಿನ ಪುಡಿ ಹರಡಿದೆ. ಬರೀ ಸುಣ್ಣದ ಬದಲು ಇದೇ ಏಕೆಂದರೆ ಮೆಗ್ನೀಷಿಯಂ ಕೂಡ ಸಿಗುತ್ತದೆ. ಒಂದು ಸಾಲಿಗೆ ಅವಸರದಲ್ಲಿ ಅದೇ ದಿನ ಯೂರಿಯಾವನ್ನೂ ಹಾಕಿಬಿಟ್ಟೆ. ಮೂಗಿಗೆ ಅಮೋನಿಯಾ ಘಾಟು ಹೊಡೆದಾಗಲೇ ಗೊತ್ತಾಯಿತು, ದುಡ್ಡು ಗಾಳಿಗೆ ಹೋಗುತ್ತಿದೆ ಅಂತ. ಈಗ ಎರಡರ ನಡುವೆ ಮೂರು ವಾರ ಬಿಡುತ್ತೇನೆ. ಗೊಬ್ಬರವನ್ನೂ ಶಿಫಾರಸಿಗೆ ಇಳಿಸಿದೆ: ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್. ಜೊತೆಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ಇದ್ದೇ ಇದೆ.

ಮರದ ಬೆಳೆ ನಿಧಾನಕ್ಕೆ ಉತ್ತರ ಕೊಡುತ್ತದೆ. ಮೊದಲ ವರ್ಷ ಏನೂ ಕಾಣಲಿಲ್ಲ, ಮನೆಯವರು ನಕ್ಕರು. ಎರಡನೇ ಮಳೆಗಾಲ ಕಳೆದ ಮೇಲೆ ಬುಡ ಕೆದಕಿದಾಗ ಬಿಳಿ ಬೇರು ಸಿಕ್ಕವು. ಮೂರನೇ ವರ್ಷ ರಸಸಾರ 5.6. ಮಿಳ್ಳೆ ಉದುರುವುದು ಪೂರ್ತಿ ನಿಂತಿಲ್ಲ, ಆದರೆ ಬುಡದಲ್ಲಿ ಗುಡಿಸುವಷ್ಟು ಬೀಳುವುದಿಲ್ಲ.

ಕೆಳಗಿನ ಪಟ್ಟೆಯ ಐವತ್ತು ಮರ ಮಾತ್ರ ಹಾಗೇ ಇವೆ. ಅಲ್ಲಿ ನೀರು ನಿಲ್ಲುತ್ತದೆ. ಮೊದಲು ಕಪ್ಪು (ನೀರು ಬಸಿದುಹೋಗುವ ಕಾಲುವೆ) ಆಳ ಮಾಡಿಸಬೇಕು, ಆಳು ಸಿಕ್ಕಿಲ್ಲ.